ಹೌಜ್ ಖಾಸೀಯ ಮಿಶ್ರಣಭೇದ ಮೀಮಾಂಸೆ

ಮಿಶ್ರಣಗಳನ್ನು ಬೇರ್ಪಡಿಸುವುದು ಹೇಗೆಂದು ಶಾಲಾಪುಸ್ತಕಗಳು ವಿವರವಾಗಿ ಹೇಳುತ್ತವೆ. ಬೇರ್ಪಟ್ಟ ಮೇಲೆ ಬೇಡವಾದದ್ದು ಎಲ್ಲಿಗೆ ಹೋಗಬೇಕೆಂಬ ಬಗ್ಗೆ ತುಟಿಪಿಟಕ್ಕೆನ್ನುವುದಿಲ್ಲ. ಈ ಶಾಸ್ತ್ರಲೋಪವನ್ನು ತುಂಬಲು ದಕ್ಷಿಣ ದೆಹಲಿಯ ಹೌಜ್ ಖಾಸ್‌ಗಿಂತ ಪ್ರಶಸ್ತವಾದ ಪ್ರಯೋಗಶಾಲೆಯಿಲ್ಲ. ಅಲ್ಲೇ ಐಐಟಿ ಇದೆಯಲ್ಲ ಎಂಬುದು ಪೂರ್ವಪಕ್ಷ. ಸಮಾಧಾನವೇನೆಂದರೆ, ಐಐಟಿಯ ಬೀಕರುಗಳಿಗೆ 1961ಕ್ಕಿಂತ ಹಿಂದಿನ ಚರಿತ್ರೆಯಿಲ್ಲ. ನಮ್ಮ ಬೀಕರು ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ.

ಸೀರಿ ಪಟ್ಟಣಕ್ಕೆ ನೀರೊದಗಿಸಬೇಕಿದ್ದ ಆ ಕೆರೆಯಲ್ಲಿ ಮೊದಲು ಸಿದ್ಧಿಸಿದ್ದು ತಂಗಿಸುವ ವಿಧಾನ. ಭಾರವಾದದ್ದು ತಳಕ್ಕಿಳಿಯಿತು, ನೀರು ಮೇಲೆ ಉಳಿಯಿತು. ಕ್ರಮೇಣ ನೀರು ಹೋಗಿ ಹೂಳು ಮಾತ್ರ ಪರಿಶುದ್ಧ ರೂಪದಲ್ಲಿ ದೊರೆಯಿತು. ಜನ ಅದರೊಳಗೆ ಬೇಸಾಯ ಮಾಡಿ, ಬಾವಿ ತೋಡಿ, ನೀರು ಮಾರುತ್ತಿದ್ದರೆಂದು ಆಮೇಲಿನ ಸುಲ್ತಾನ ಫಿರೋಜ್ ಷಾ ತುಘಲಕ್ ತನ್ನ ‘ಫುತೂಹಾತ್’ ಕೃತಿಯಲ್ಲಿ ಹೇಳಿಕೊಂಡಿದ್ದಾನೆ. ಕೆರೆ ನುಂಗಿ, ಅದರ ಮೇಲೆ ಬಡಾವಣೆ ಮಾಡಿ, ಟ್ಯಾಂಕರ್ ನೀರು ತರಿಸಿಕೊಳ್ಳುವುದು ತಮ್ಮದೇ ಆವಿಷ್ಕಾರವೆಂದು ಬೆಂಗಳೂರಿನವರು ಬೀಗುತ್ತಿದ್ದರೆ ಈ ಸಾಲನ್ನು ಗಮನಿಸಬೇಕು. ಫಿರೋಜ್ ಹೂಳೆತ್ತಿಸಿದ, ದಂಡೆಯ ಮೇಲೆ ಮದರಸಾ ಕಟ್ಟಿಸಿದ, ಸತ್ತ ಮೇಲೆ ಅಲ್ಲೇ ತಂಗಿದ.

ಈಗ ಸೋಸುವಿಕೆ. ಬತ್ತಿಹೋಗಿದ್ದ ಕೆರೆಯನ್ನು ಈ ಶತಮಾನದಲ್ಲಿ ತುಂಬಿಸಿದ್ದು ವಸಂತ್ ಕುಂಜ್ ಕಡೆಯ ಚರಂಡಿಗಳಿಂದ ಹೊರಟು, ಸಂಸ್ಕರಣಾ ಘಟಕದಲ್ಲಿ ದ್ವಿಜತ್ವ ಪಡೆದ ನೀರು. ತೇಲುವುದನ್ನೂ ಮುಳುಗುವುದನ್ನೂ ತಡೆಯಬಹುದು, ಕರಗಿದ್ದನ್ನು ಹಿಡಿಯುವವರಾರು? ಚಹಾ ಸೋಸುವ ಜಾಲರಿಗೆ ಸೊಪ್ಪು ಸಿಗುತ್ತದೆ, ಸಕ್ಕರೆ ಸಿಗುವುದಿಲ್ಲ. ಹಾಗೆ ನುಸುಳಿ ಬಂದ ನೈಟ್ರೇಟ್, ಫಾಸ್ಫೇಟ್‌ಗಳನ್ನುಂಡು ಪಾಚಿ ಕೊಬ್ಬುತ್ತದೆ, ಕೆರೆ ಹಸಿರೇರುತ್ತದೆ. ಆ ಹಸಿರಿಗೆ ದಂಡೆಯ ಕೆಫೆಗಳಲ್ಲಿ ‘ಲೇಕ್ ವ್ಯೂ’ ಎಂದು ಹೆಸರು. ಕಿಟಕಿ ಪಕ್ಕದ ಮೇಜಿಗೆ ಪೈಪೋಟಿ. ಈ ಲವಣಗಳನ್ನು ಹೀರಲೆಂದು ಬೇರು ಇಳಿಬಿಟ್ಟ ಗಿಡಗಳನ್ನು ನೀರಿನ ಮೇಲೆ ತೇಲಿಬಿಟ್ಟದ್ದೂ ಉಂಟು. ಬೆಳೆದ ಗಿಡವನ್ನು ಕೊಯ್ದು ಹೊರಗೆ ಸಾಗಿಸಿದರಷ್ಟೇ ಶುದ್ಧಿ. ಅಲ್ಲೇ ಕೊಳೆತರೆ ತಿಂದದ್ದನ್ನೆಲ್ಲ ಕೆರೆಗೇ ಕಕ್ಕುತ್ತದೆ.

ಜರಡಿಯ ಬಗ್ಗೆ ಸಂಕ್ಷೇಪವಾಗಿ: ಹೌಜ್ ಖಾಸ್ ಎನ್‌ಕ್ಲೇವ್‌ನ ಚೋರ್ ಮಿನಾರ್‌ಗೆ 225 ತೂತುಗಳಿವೆ. ಕಳ್ಳರ ತಲೆಗಳನ್ನು ಅವುಗಳಲ್ಲಿ ಇಡುತ್ತಿದ್ದರೆಂಬುದು ಜನರ ಮಾತು. ತಲೆಗಳನ್ನು ಜರಡಿ ಹಿಡಿಯುವ ಕೆಲಸವನ್ನು ಈಗ ಐಐಟಿಯ ಪ್ರವೇಶ ಪರೀಕ್ಷೆ ನೋಡಿಕೊಳ್ಳುತ್ತಿದೆ.

ಕೊನೆಯದು, ಸೂಕ್ಷ್ಮಾತಿಸೂಕ್ಷ್ಮವಾದ ಕ್ರೊಮ್ಯಾಟೋಗ್ರಫಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆಟ್ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಬಣ್ಣಬಣ್ಣದ ಪಟ್ಟೆಗಳನ್ನು ಪಡೆದ. ಹೌಜ್ ಖಾಸ್ ಮೆಟ್ರೋ ನಿಲ್ದಾಣದಲ್ಲಿ 2018ರಿಂದ ಹಳದಿ, ಮಜೆಂಟಾ ಮಾರ್ಗಗಳೆಂಬ ಎರಡು ಪಟ್ಟೆಗಳಿವೆ. ಎಸ್ಕಲೇಟರ್‌ನಲ್ಲಿ ದಾರಿಗಡ್ಡ ನಿಂತವರು ಸೀಮೆಸುಣ್ಣದಂತೆ ಸ್ಥಿರ ಪ್ರಾವಸ್ಥೆ, ಅವರನ್ನು ತಳ್ಳಿಕೊಂಡು ಓಡುವವರು ಚಲ ಪ್ರಾವಸ್ಥೆ. ಪ್ರತ್ಯಕ್ಷ ಪ್ರಮಾಣ ಬೇಕಾದವರು ಶನಿವಾರ ಸಂಜೆ ಬರಬಹುದು. ದೆಹಲಿಯ 2009ರ ಅಬಕಾರಿ ಕಾಯ್ದೆಯ ಪ್ರಕಾರ 25 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಈ ಜರಡಿಯಲ್ಲಿ ಉದುರಿದ ಇಪ್ಪತ್ನಾಲ್ಕರ ತರುಣ ಹಳದಿ ಹಿಡಿದರೆ ಹರಿಯಾಣದ ಗುರುಗ್ರಾಮ, ಮಜೆಂಟಾ ಹಿಡಿದರೆ ಉತ್ತರ ಪ್ರದೇಶದ ನೋಯ್ಡಾ. ಎರಡೂ ರಾಜ್ಯಗಳಲ್ಲಿ 21 ಆಗಿದ್ದರೆ ಸಾಕು. ಕೊನೆಯ ರೈಲಿನಲ್ಲಿ ಅವನು ಹೌಜ್ ಖಾಸ್‌ಗೇ ಮರಳುತ್ತಾನೆ, ಸಾಂದ್ರತೆ ಹೆಚ್ಚಿಸಿಕೊಂಡು. ಎಷ್ಟು ಹೆಚ್ಚಿದೆಯೆಂದು ಅಳೆಯುವ ಉಪಕರಣ ಐಐಟಿಯಲ್ಲಿದ್ದೀತು. ನಿಲ್ದಾಣದ ಹೊರಗೆ ಅವನ ಬೈಕು ನಿಂತಿದ್ದರೆ ಟ್ರಾಫಿಕ್ ಪೊಲೀಸರ ಕೈಯಲ್ಲಂತೂ ಇದ್ದೇ ಇರುತ್ತದೆ.