ಮಾತು ಬಿಟ್ಟ ಅಣ್ಣ-ತಮ್ಮ

ನಮ್ಮ ಆಫೀಸಿನ ಸರ್ವರ್ ರೂಮಿನಲ್ಲಿ ಸ್ವಿಚ್ಚುಗಳು ಎರಡು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಬಿಲ್ಲು ಎರಡಕ್ಕೂ ಕಟ್ಟಿದ್ದೇವೆ, ಎಎಂಸಿ ಎರಡಕ್ಕೂ ಇದೆ, ಆಯುಧಪೂಜೆಗೆ ಕುಂಕುಮವೂ ಎರಡಕ್ಕೂ. ಒಂದರ ಕೇಬಲ್ ಕಿತ್ತು ಪರೀಕ್ಷೆ ಮಾಡೋಣ ಎಂದರೆ ಮಾತ್ರ ಮ್ಯಾನೇಜರು, "ಚೆನ್ನಾಗಿ ಓಡ್ತಿರೋದನ್ನ ಯಾಕ್ರೀ ಮುಟ್ತೀರಿ?" ಅನ್ನುತ್ತಾರೆ.

ಮೊದಲು ಇಷ್ಟು ನಾಜೂಕಿರಲಿಲ್ಲ. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಹೆಚ್ಚುವರಿ ದಾರಿಯನ್ನು ಮುಚ್ಚಿಡುತ್ತಿತ್ತು. ಇಲ್ಲದಿದ್ದರೆ ಪ್ಯಾಕೆಟ್ಟುಗಳು ಸುತ್ತಿ ಸುತ್ತಿ ನೆಟ್‌ವರ್ಕನ್ನೇ ಮುಳುಗಿಸುತ್ತವೆ. ಮುಖ್ಯ ಲಿಂಕು ಹೋದರೆ ಮುಚ್ಚಿದ್ದು ಎದ್ದು ಕೆಲಸಕ್ಕೆ ಹತ್ತಲು 30ರಿಂದ 50 ಸೆಕೆಂಡು. ಅದನ್ನಾದರೂ ಸಹಿಸಬಹುದು, ದುಡ್ಡು ಕೊಟ್ಟ ಕೇಬಲ್ಲು ಸುಮ್ಮನೆ ಮಲಗಿರುವುದನ್ನು ಅಕೌಂಟ್ಸಿನವರು ಸಹಿಸುತ್ತಾರೆಯೇ? ಹೀಗೆ, ಎರಡು ಸ್ವಿಚ್ಚು ಸೇರಿ ಹೊರಗಿನವರೆದುರು ಒಂದೇ ಎಂದು ನಟಿಸುವ ಪದ್ಧತಿ ಬಂತು. ಸಿಸ್ಕೊದವರು ವಿಪಿಸಿ ಎಂದರು, ಅರಿಸ್ಟಾದವರು ಎಂಲ್ಯಾಗ್ ಎಂದರು. ನಮ್ಮ ಕಡೆ ಇದಕ್ಕೆ ಕೂಡುಕುಟುಂಬ ಅಂತಾರೆ.

ಮುಖ್ಯ ಸ್ವಿಚ್ಚು ಅಣ್ಣ, ಇನ್ನೊಂದು ತಮ್ಮ. ಸಂಸಾರವೆಲ್ಲ ನಿಂತಿರುವುದು ಇಬ್ಬರ ನಡುವಿನ ಪಿಯರ್ ಲಿಂಕಿನ ಮೇಲೆ. ಅದು ಕಡಿದರೆ ತಮ್ಮ ಕೀಪ್‌ಅಲೈವ್ ಎಂಬ ಕಿಂಡಿಯಲ್ಲಿ ಇಣುಕುತ್ತಾನೆ. ಅಣ್ಣ ಬದುಕಿದ್ದಾನೆಂದು ಗೊತ್ತಾದರೆ ತನ್ನ ಜೋಡಿ ಪೋರ್ಟುಗಳನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ಕರೆಂಟಿದೆ, ಫ್ಯಾನು ತಿರುಗುತ್ತಿದೆ, ಮೈಗೆ ಏನೂ ಆಗಿಲ್ಲ. ಆದರೂ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಹುಚ್ಚು ಅನ್ನಬೇಡಿ, ನಿಯಮವೇ ಹಾಗೆ. ಇಬ್ಬರು ಯಜಮಾನರಾಗಿ ಬೇರೆ ಬೇರೆ ಲೆಕ್ಕ ಬರೆಯದಿರಲಿ ಅಂತ. (ಜಮೀನಿನ ಪಾಲಿನಲ್ಲಿ ಇಂಥ ತಮ್ಮನನ್ನು ನಾನಂತೂ ಕಂಡಿಲ್ಲ.)

ಬಡವಾಗುವುದು ಕೂಸು. ಎರಡೂ ಕಡೆ ಕೇಬಲ್ ಇರುವ ಸರ್ವರುಗಳು ಅಣ್ಣನ ಮನೆಯಲ್ಲಿ ಉಣ್ಣುತ್ತವೆ. ತಮ್ಮನೊಬ್ಬನಿಗೇ ಕಟ್ಟಿದ್ದಕ್ಕೆ ನೆಟ್‌ವರ್ಕಿನವರು ಇಟ್ಟ ಹೆಸರೇ ಆರ್ಫನ್ ಪೋರ್ಟು, ಅನಾಥ. ನಮ್ಮ ಹಾಜರಾತಿ ಸರ್ವರು ಆ ಜಾತಿಯದು. "ಎರಡನೇ ಕೇಬಲ್ ಆಮೇಲೆ" ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ ಚೀಟಿಯ ಅಂಚು ಈಗ ಹಳದಿಯಾಗಿದೆ.

ನಮ್ಮಲ್ಲಿ ಆದದ್ದು ಇನ್ನೂ ಸೊಗಸು. ಕೀಪ್‌ಅಲೈವ್ ಹಾದುಹೋಗುತ್ತಿದ್ದುದು ಮೂಲೆಯ ಪುಟ್ಟ ಎಂಟು ಪೋರ್ಟಿನ ಸ್ವಿಚ್ಚಿನಲ್ಲಿ. ಅದರ ಅಡಾಪ್ಟರ್ ಕಿತ್ತು ಯಾರೋ ಮೊಬೈಲ್ ಚಾರ್ಜಿಗೆ ಹಾಕಿದರು. ಕೀಪ್‌ಅಲೈವ್ ಒಂದೇ ಹೋದರೆ ಯಾವ ಕೆಲಸವೂ ನಿಲ್ಲುವುದಿಲ್ಲ, ಲಾಗಿನಲ್ಲೊಂದು ಸಾಲು ಬೀಳುತ್ತದೆ ಅಷ್ಟೆ. ಲಾಗು ಓದುವವರು ಯಾರು? ತಿಂಗಳುಗಳ ಮೇಲೆ ಪಿಯರ್ ಲಿಂಕಿನ ಒಂದೇ ಒಂದು ಕೇಬಲ್ಲೂ ಕೈಕೊಟ್ಟಿತು. ತಮ್ಮ ಇಣುಕಿದ, ಸದ್ದಿಲ್ಲ. ಅಣ್ಣ ತೀರಿಕೊಂಡನೆಂದು ಪಂಚೆ ಬಿಗಿದು ಯಜಮಾನಿಕೆಗೆ ಕೂತ. ಅಣ್ಣನೂ ಅದನ್ನೇ ಅಂದುಕೊಂಡು ಕೂತೇ ಇದ್ದ.

ಎಲ್ಲ ನಿಂತಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನನಗೆ ಸಂಬಳದ ಪುಟ ತೆರೆಯುತ್ತದೆ, ಪಕ್ಕದವರಿಗೆ ತೆರೆಯದು. ಡ್ಯಾಶ್‌ಬೋರ್ಡಿನಲ್ಲಿ ಎರಡಕ್ಕೂ ಹಸಿರು ದೀಪ. ಹೆಲ್ಪ್‌ಡೆಸ್ಕಿನವರು, "ಸರ್, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಅಂತ ಸಂಜೆಯವರೆಗೂ ಹೇಳಿದರು.

ಆಮೇಲೆ ಮೀಟಿಂಗಾಯಿತು. ಪಿಯರ್ ಲಿಂಕಿಗೆ ಇನ್ಮುಂದೆ ಎರಡು ಕೇಬಲ್ ಎಂದು ತೀರ್ಮಾನ. ಮರುದಿನ ಎರಡನೆಯದೂ ಬಂತು. ಅಚ್ಚುಕಟ್ಟಾಗಿರಲಿ ಅಂತ ಹಳೆಯದರ ಜೊತೆಗೇ ಸೇರಿಸಿ, ಒಂದೇ ಟೈನಲ್ಲಿ ಬಿಗಿದು, ರ‍್ಯಾಕಿನ ಬಾಗಿಲ ಸಂದಿನಲ್ಲಿ ಇಳಿಬಿಟ್ಟಿದ್ದಾರೆ.