ಮೊಲ ಕಂಡ ಮ್ಯಾಲ ಕಿವಿ ಎಲ್ಲಿರ್ತಾವ್ರಿ?

"ಅಲ್ರೀ, ಮಿಲಿಟರಿಗೆ ಹೋದ ಜಾತಿ ಇದು. ಮನಿ ಮುಂದ ನಿಂತು ನಾ ಕರದ್ರ ಯಾಕ ಬರವಲ್ದು?"

ಬೇಲಿಯಾಚೆಯಿಂದ ಗೌಡರು ಹೀಗೆ ಕೇಳಿದಾಗ ಅವರ ಮುಧೋಳ ನಾಯಿ ಕಬ್ಬಿನ ಪಡದ ಆ ತುದಿಯಲ್ಲಿತ್ತು. ಅದರ ಹೆಸರು ರಾಜಾ. ಚಿಕ್ಕಪಡಸಲಗಿಯ ಅರ್ಧ ಊರಿಗೆ ಆ ಹೆಸರು ಬಾಯಿಪಾಠ, ಯಾಕೆಂದರೆ ದಿನಾ ಸಂಜೆ ಗೌಡರು ಹೊಳಿ ದಂಡಿಯಲ್ಲಿ ನಿಂತು ಅಷ್ಟು ಸಲ ಕೂಗುತ್ತಾರೆ. ಅದು ತನ್ನದೇ ಹೆಸರು ಅನ್ನುವುದು ರಾಜಾನೊಬ್ಬನಿಗೆ ಮಾತ್ರ ಇನ್ನೂ ಖಾತ್ರಿಯಾದಂತಿಲ್ಲ.

ಗೌಡರು ಅಂದದ್ದು ಸುಳ್ಳಲ್ಲ. 2016ರಲ್ಲಿ ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಮೀರತ್‌ಗೆ, ಸೈನ್ಯದ ತರಬೇತಿಗೆ ಹೋದವು. ಅದಕ್ಕೂ ಮುಂಚೆ 2005ರಲ್ಲಿ ಈ ಜಾತಿ ಅಂಚೆ ಚೀಟಿಯ ಮೇಲೆ ಬಂತು. ಮುಧೋಳದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಐದನೇ ಜಾರ್ಜ್ ದೊರೆಗೆ ಜೋಡಿ ಮರಿ ಕೊಟ್ಟ ಕಥೆಗಂತೂ ನಮ್ಮ ಕಡೆ ಚಹಾದಂಗಡಿಗೊಂದು ಪಾಠಾಂತರ ಇದೆ. ಇಷ್ಟೆಲ್ಲ ಆದರೂ, ಅಂಚೆ ಚೀಟಿಯ ಮೇಲೆ ಬಂದ ನಾಯಿ ಕರೆದ ಕೂಡಲೇ ಮನೆಗೂ ಬರಬೇಕು ಅಂತ ಯಾವ ಕಾಗದದಲ್ಲೂ ಬರೆದಿಲ್ಲ.

"ಗೌಡ್ರ, ಈ ನಾಯಿ ಯಾರದು?"

"ನಂದ. ಮತ್ಯಾರದು?"

"ಈಗ ನಿಮ್ಮದು. ಅರಮನಿಗೆ ಹೋಗೂಕಿಂತ ಮೊದಲ ಬ್ಯಾಡರ ಹಂತ್ಯಾಕ ಇತ್ತಂತ. ಇಲ್ಲೇ ಹಲಗಲಿ ಐತೆಲ್ರಿ, 1857ರಾಗ ಆಯುಧ ತಂದೊಪ್ಪಸ್ರಿ ಅಂತ ಕುಂಪಣಿ ಸರಕಾರ ಕರದ್ರ 'ಹೋಗೂದಿಲ್ಲ' ಅಂದ ಮಂದಿ. ಅಂಥವರ ಸೀಮಿ ನಾಯಿ ನಿಮ್ಮ ಸೀಟಿಗೆ ಬರ್ತೈತೇನು?"

ಗೌಡರಿಗೆ ಈ ಮಾತು ಬಹಳ ಹಿಡಿಸಿತು. ನೋಡನೋಡುತ್ತಲೇ ಸಿಟ್ಟು ಹೋಗಿ ಮುಖದ ಮೇಲೆ ಅಭಿಮಾನ ಬಂತು. ಅಭಿಮಾನದಿಂದ ನಾಯಿ ಮನೆಗೆ ಬರುವುದಿಲ್ಲವಲ್ಲ, ಹಾಗಾಗಿ ನಾನು ಮಾತು ಮುಂದುವರಿಸಬೇಕಾಯಿತು.

ಮುಧೋಳ ನಾಯಿ ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ಉದ್ದ ಮೋತಿ, ಪಕ್ಕಕ್ಕೆ ಸರಿದ ಕಣ್ಣು. ನಾವು ಕುತ್ತಿಗೆ ಹೊರಳಿಸಿ ನೋಡುವುದನ್ನು ಅದು ನಿಂತಲ್ಲೇ ನೋಡುತ್ತದೆ. ದೂರದಲ್ಲಿ ಏನೋ ಒಂದು ಅಲ್ಲಾಡಿತೋ, ಹೋಯಿತು. ಬೇಟೆಗಾರ ಹಿಂದಿನಿಂದ "ಎಡಕ್ಕ, ಬಲಕ್ಕ" ಅಂತ ಹೇಳುತ್ತಾ ಕೂತರೆ ಮೊಲ ಆಲಮಟ್ಟಿ ಮುಟ್ಟಿರುತ್ತದೆ. ಆದ್ದರಿಂದ ಯಾರ ಅಪ್ಪಣೆಗೂ ಕಾಯದೆ, ತಾನೇ ನಿರ್ಧಾರ ಮಾಡಿ ಓಡುವ ನಾಯಿಯನ್ನೇ ತಲೆಮಾರುಗಟ್ಟಲೆ ಆರಿಸಿ ಸಾಕಿದರು. ಈಗ ನಾವು ಆ ಓಟದ ನಡುವೆಯೇ "ಬಾ" ಅನ್ನುತ್ತೇವೆ.

ಹೋಗಲಿ, ಮನುಷ್ಯನ ಮುಖ ನೋಡಿ ಕೆಲಸ ಮಾಡಲೆಂದೇ ಸಾಕಿದ ಲ್ಯಾಬ್ರಡಾರ್ ತಗೊಳ್ಳಿ. 2011ರಲ್ಲಿ ಲಂಡನ್ನಿನ ರಿಚ್‌ಮಂಡ್ ಪಾರ್ಕಿನಲ್ಲಿ ಫೆಂಟನ್ ಅನ್ನುವ ನಾಯಿ ಜಿಂಕೆ ಹಿಂಡಿನ ಬೆನ್ನು ಹತ್ತಿತು. ಹಿಂದೆ ಮಾಲೀಕ "ಫೆಂಟನ್! ಫೆಂಟನ್!" ಅಂತ ಗಂಟಲು ಹರಿದುಕೊಂಡು ಓಡುವ ವಿಡಿಯೋ ಜಗತ್ತೆಲ್ಲ ಸುತ್ತಿತು. ಗೌಡರ ಮೊಬೈಲಿನಲ್ಲೇ ಹಾಕಿ ತೋರಿಸಿದೆ. ಅವರು ಎರಡನೇ ಸಲ ನೋಡಿ, "ನನ್ನ ದನಿನ ಇವನಕಿಂತ ಚಲೋ ಐತಿ" ಅಂದರು.

ದನಿಯ ಮಾತಲ್ಲ ಇದು. ಅವರನ್ನು ಕೇಳಿದೆ, "ನಾಯಿ ಬಂದ ಮ್ಯಾಲ ಏನ್ ಮಾಡ್ತೀರಿ?"

"ಎರಡು ಬಾರಸ್ತೀನಿ."

"ಯಾವದಕ್ಕ?"

"ಬರದ್ದಕ್ಕ."

"ಬಂದೈತೆಲ್ರಿ!"

ಗೌಡರು ಸುಮ್ಮನಾದರು. ಬೇಲಿಯ ಮುಳ್ಳೊಂದನ್ನು ಮುರಿದು ಹಲ್ಲು ಕಡ್ಡಿ ಮಾಡಿಕೊಂಡರು. ನಾಯಿಯ ಲೆಕ್ಕದಲ್ಲಿ ಪೆಟ್ಟು ಓಡಿಹೋದದ್ದಕ್ಕೆ ಬೀಳುವುದಿಲ್ಲ, ಕೊನೆಗೆ ಮಾಡಿದ ಕೆಲಸಕ್ಕೆ ಬೀಳುತ್ತದೆ. ಕೊನೆಗೆ ಮಾಡಿದ ಕೆಲಸ ಅಂದರೆ ಬಂದದ್ದು. ಪೆಟ್ಟೇ ಬೇಕಂತಿಲ್ಲ. ನಾವು ನಾಯಿಯನ್ನು ಕರೆಯುವುದು ಯಾವಾಗ? ಮೈ ತೊಳೆಯುವುದಕ್ಕೆ, ಸೂಜಿ ಹಾಕಿಸುವುದಕ್ಕೆ, ಸಂಜೆಯ ಆಟ ಮುಗಿಸಿ ಕಟ್ಟುವುದಕ್ಕೆ. ಕಬ್ಬು ಕಳಿಸಿ ಬಿಲ್ಲಿಗಾಗಿ ಅಲೆದ ರೈತ ಮುಂದಿನ ಹಂಗಾಮಿಗೆ ಅದೇ ಫ್ಯಾಕ್ಟರಿಯ ಗೇಟಿಗೆ ಟ್ರ್ಯಾಕ್ಟರ್ ತಿರುಗಿಸುತ್ತಾನೆಯೇ? ರಾಜಾನೂ ಬಾಕಿ ಬರಬೇಕಾದವನೇ. ಕರೆದಾಗೊಮ್ಮೆ ನಗದು ಕೊಡಬೇಕು, ಕೊಟ್ಟು ಮತ್ತೆ ಬಿಡಬೇಕು. ಬರುವುದು, ಕೊರಳಪಟ್ಟಿ ಹಿಡಿಸಿಕೊಳ್ಳುವುದು, ತಿನ್ನುವುದು, ತಿರುಗಿ ಓಡುವುದು. ಹೀಗೆ ಬಹಳ ಸಲ ಆದರೆ "ಬಾ" ಅಂದರೆ ಆಟ ಮುಗಿಯಿತು ಅಂತಲ್ಲ ಅನ್ನುವುದು ಅದರ ತಲೆಗೆ ಇಳಿಯುತ್ತದೆ.

ನಗದು ಅಂದರೆ ಏನು ಅಂತ ಅಲ್ಲೇ ಚರ್ಚೆ ಎದ್ದಿತು. ಜೋಳದ ರೊಟ್ಟಿ, ಹಾಲು ಅದಕ್ಕೆ ದಿನದ ಊಟ. ಅದನ್ನೇ ಇನಾಮು ಅಂದರೆ ಯಾವ ನಾಯಿ ಮೊಲ ಬಿಟ್ಟು ಬಂದೀತು? ತತ್ತಿ, ಕೋಳಿಯ ಕಾಳಿಜ ಒಳ್ಳೆಯದು. ಗೌಡರ ಮನೆಯೊಳಗೆ ಅವು ಹೊಸ್ತಿಲು ದಾಟುವಂತಿಲ್ಲ. "ಹಂಗಾರ ಕರದಂಟು ಕೊಡ್ಲೇನು? ಅಮೀನಗಡದ್ದೈತಿ" ಅಂದರು. ಬೇಡವೇ ಬೇಡ ಅಂದೆ. ಕರದಂಟಿನಲ್ಲಿ ಮಣೂಕ ಇರಬಹುದು; ದ್ರಾಕ್ಷಿ, ಮಣೂಕ ಎರಡೂ ನಾಯಿಗೆ ವಿಷ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ವಿಜಯಪುರ–ಬಾಗಲಕೋಟೆಯ ದ್ರಾಕ್ಷಿ ತೋಟದವರಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಕೊನೆಗೆ ಪನೀರಿನ ಚೂರು ಅಂತ ಒಪ್ಪಂದವಾಯಿತು.

ಆದರೆ ಬೇಟೆ ನಾಯಿಗೆ ಪನೀರಿಗಿಂತ ದೊಡ್ಡ ಇನಾಮು ಬೆನ್ನಟ್ಟುವುದೇ. ಬಾರಕೋಲಿನ ತುದಿಗೆ ಹಳೆಯ ಬಟ್ಟೆ ಕಟ್ಟಿ, ಕರೆದಾಗ ಬಂದರೆ ಅದನ್ನು ನೆಲದ ಮೇಲೆ ಸರ್ರನೆ ಎಳೆದಾಡಿಸಿ ನೋಡಿ. ರಾಜಾ ಊಟ ಮರೆಯುತ್ತಾನೆ. ಮೊಲ ಗೌಡರ ಕೈಯಲ್ಲೇ ಇದೆ ಅಂತ ಗೊತ್ತಾದ ಮೇಲೆ ಹೊಳಿ ದಂಡಿಯುದ್ದಕ್ಕೂ ಹುಡುಕುವುದು ಯಾಕೆ? ಈ ಜಾತಿಯ ಆಸೆಯನ್ನು ಅಡಗಿಸಲು ಹೋಗಿ ಸೋತವರನ್ನು ಬಹಳ ನೋಡಿದ್ದೇನೆ. ಆಸೆಯನ್ನು ತಮ್ಮ ಕಡೆ ತಿರುಗಿಸಿಕೊಂಡವರು ಒಂದಿಷ್ಟು ಗೆದ್ದಿದ್ದಾರೆ.

ಅಲ್ಲಿಯವರೆಗೆ? ಹಗ್ಗ. ಮೂವತ್ತು ಅಡಿಯದು, ಕೈ ಕೊಯ್ಯದಷ್ಟು ದಪ್ಪದ್ದು. ಕೊರಳಿಗೆ ಕಟ್ಟಬಾರದು, ಪೂರ್ತಿ ವೇಗದಲ್ಲಿ ಹಗ್ಗದ ತುದಿ ಮುಟ್ಟಿದರೆ ಕುತ್ತಿಗೆಗೆ ಅಪಾಯ. ಮೇಲಾಗಿ ಮುಧೋಳ ನಾಯಿಗೆ ತಲೆಗಿಂತ ಕುತ್ತಿಗೆಯೇ ದಪ್ಪ, ಹಿಂದಕ್ಕೆ ಜಗ್ಗಿದರೆ ಸಾದಾ ಪಟ್ಟಿ ಕಳಚಿ ಕೈಗೇ ಬರುತ್ತದೆ. ಎದೆಪಟ್ಟಿಗೆ ಕಟ್ಟಬೇಕು.

ಇಲ್ಲಿ ಗೌಡರಿಗೆ ಸಿಟ್ಟೇ ಬಂತು. "ಹಗ್ಗಾ ಕಟ್ಟಿ ಕರಿಯೂದೇನ್ ಕರಿಯೂದ್ರಿ? 1989ರಾಗ ನಮ್ಮೂರಾಗ ಬ್ಯಾರೇಜ್ ಕಟ್ಟಿದ್ರು. ಸಿದ್ದು ನ್ಯಾಮಗೌಡ್ರು ಕರದ್ರು, ಮಂದಿ ಬಂತು. ರೊಕ್ಕಾ ಹಾಕಿದ್ರು, ಬೆವರ ಹಾಕಿದ್ರು, ಶ್ರಮಬಿಂದು ಸಾಗರ ಆತು. ನಮ್ಮಪ್ಪ ಕಲ್ಲ ಹೊತ್ತಾನ. ಅವನ ಕೊರಳಿಗೆ ಯಾರೂ ಹಗ್ಗಾ ಹಾಕಿರ್ಲಿಲ್ಲ."

"ಹೊಳಿಗೆ ನೀರ ನಿಂತೀತು ಅನ್ನೂ ನಂಬಿಕಿ ಇತ್ತು, ಬಂದ್ರು. ನಿಂತಿತು. ನಿಮ್ಮ ಹಂತ್ಯಾಕ ಬಂದ್ರ ಏನ್ ಸಿಗ್ತೈತಿ ಅಂತ ರಾಜಾಗ ಇನ್ನೂ ಗೊತ್ತಿಲ್ಲ. ಗೊತ್ತಾಗೂತನಾ ಹಗ್ಗಾ ಅಷ್ಟ."

ಹಗ್ಗ ಎಳೆದು ತರುವುದಕ್ಕಲ್ಲ, ತಪ್ಪಿಸಿಕೊಂಡು ಹೋಗಿ ಮಜಾ ಮಾಡುವ ರೂಢಿ ಬೀಳದಿರಲಿ ಅಂತ. ಒಂದೇ ಸಲ ಕರೆಯಬೇಕು. ಹತ್ತು ಸಲ ಕೂಗಿದರೆ ಒಂಬತ್ತು ಸಲ ಕೇಳದಿದ್ದರೂ ನಡೆಯುತ್ತದೆ ಅಂತ ಕಲಿಸಿದಂತೆ. ಬೆನ್ನು ಹತ್ತಿ ಓಡಬಾರದು, ಅದರ ಜೊತೆ ಓಟದಲ್ಲಿ ಗೆದ್ದ ಮನುಷ್ಯ ಇಲ್ಲ. ತಿರುಗಿ ಉಲ್ಟಾ ಓಡಿದರೆ ಅದೇ ನಮ್ಮ ಹಿಂದೆ ಬರುತ್ತದೆ. ಕಿವಿ ನಿಗುರಿ ಮೈ ಸೆಟೆಯುವ ಒಂದು ಕ್ಷಣ ಇರುತ್ತದೆ, ಇನ್ನೂ ಓಡಿರುವುದಿಲ್ಲ. ಕರೆಯಬೇಕಾದದ್ದು ಆಗ. ಕಾಲು ಎದ್ದ ಮೇಲೆ ಕಿವಿ ಮನೆಯಲ್ಲಿರುವುದಿಲ್ಲ. "ರಾಜಾ" ಅನ್ನುವ ಕೂಗು ಹೇಗೂ ಬೈಗುಳಕ್ಕೆ ಸೇರಿಹೋಗಿದೆ. ಹೊಸದೊಂದು ಪೀಪಿ ಕೊಂಡರೆ ಒಳ್ಳೆಯದು. ಗೌಡರ ಸಿಟ್ಟು ಪೀಪಿಯಲ್ಲಿ ಕೇಳುವುದಿಲ್ಲ.

ಇಷ್ಟು ಕಲಿತ ಮೇಲೆ ಎಲ್ಲೆಂದರಲ್ಲಿ ಬಿಡಬಹುದೇ ಅಂತ ಕೇಳಿದರು. ನನ್ನ ಮಟ್ಟಿಗೆ ಇಲ್ಲ. ಬೀಳಗಿ–ಮುಧೋಳದ ನಡುವೆ ಯಡಹಳ್ಳಿ ವನ್ಯಧಾಮ ಇದೆ, ಅದು ಇರುವುದೇ ಚಿಂಕಾರಗಳಿಗಾಗಿ. ಎಷ್ಟೇ ಕಲಿತ ಬೇಟೆ ನಾಯಿಯಾದರೂ ಅಲ್ಲಿ ಹಗ್ಗ ಬಿಚ್ಚುವುದು ಜೂಜು, ಪಣ ಇಟ್ಟದ್ದು ಬೇರೆಯವರ ಜೀವ. ಮೊಲವನ್ನೂ 1972ರ ಕಾಯ್ದೆ ಕಾಯುತ್ತದೆ. ನಾಯಿ ಹಿಡಿದರೆ ಹೆಸರು ಮಾಲೀಕನದೇ ಬರುತ್ತದೆ. ಕಬ್ಬು ಕಟಾವಿನ ದಿನಗಳೂ ಹಾಗೇ, ಪಡ ಬಯಲಾದಂತೆ ಒಳಗಿದ್ದ ಮೊಲ, ಹಂದಿ ಎಲ್ಲ ಹೊರಬೀಳುತ್ತವೆ.

"ಹಂಗಾರ ಬಿಡೂದೆಲ್ಲಿ?"

"ನಾಲ್ಕೂ ಕಡೆ ಬೇಲಿ ಇದ್ದ ಹೊಲದಾಗ."

ಗೌಡರು ನಮ್ಮಿಬ್ಬರ ನಡುವಿನ ಬೇಲಿಯನ್ನು ಒಂದು ಸಲ ಅಲ್ಲಾಡಿಸಿ ನೋಡಿದರು. "ಇದನ್ನ ಮೊದಲ ಗಟ್ಟಿ ಮಾಡಬೇಕು. ಅರ್ಧಾ ಖರ್ಚು ನಿಮ್ಮದು."