ಅಥವಾ ತತ್ಸಮಾನ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರ ನಿಜವಾದ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ‘ತತ್ಸಮಾನ ರಾಯರು’ ಅಂದರೆ ಮಾತ್ರ ಪೇಪರ್ ಹಾಕುವ ಹುಡುಗನೂ ಸೀದಾ ಅವರ ಬಾಗಿಲಿಗೆ ಕರೆದುಕೊಂಡು ಹೋಗುತ್ತಾನೆ. ಸರ್ಕಾರಿ ಕಟ್ಟಡಗಳನ್ನು ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ಇಂಥವರು ಬೆಂಗಳೂರಿನ ಪ್ರತಿ ಬಡಾವಣೆಗೂ ಒಬ್ಬರಂತೆ ಹಂಚಿಕೆಯಾಗಿದ್ದಾರೆ. ಎರಡು ಅಂಗಡಿಯ ಕಾಫಿಪುಡಿ ತಂದು ಚಿಕೋರಿ ಎಷ್ಟೆಂದು ಓದದೆ ಡಿಕಾಕ್ಷನ್ ಇಳಿಸರು. ಮಾತ್ರೆಯ ಹಾಳೆಯ ಹಿಂದಿರುವ ಇರುವೆಸಾಲಿನಂಥ ಅಕ್ಷರ ಓದಿಯೇ ನುಂಗುವವರು. ನೆಂಟರ ಮದುವೆಯಲ್ಲಿ ಹೋಳಿಗೆಯನ್ನೂ ಹಿಂದಿನ ಮದುವೆಯ ಹೋಳಿಗೆಗೆ ಹೋಲಿಸಿಯೇ ಬಾಯಿಗಿಡುವವರು.

ಈ ಬಿರುದು ಅವರಿಗೆ ಬರಲು ಕಾರಣ ನಾನೇ. ಆ ವರ್ಷ ನಾನು ಸಂಘದ ಸೆಕ್ರೆಟರಿ. ಪಡುವಣ ಗೋಡೆ ಮಳೆ ಕುಡಿದು ಕುಡಿದು ಪಾಚಿಗಟ್ಟಿ ಕರ್ರಗಾಗಿತ್ತು. ಹೊರಗೋಡೆಗೆ ಬಣ್ಣ ಹೊಡೆಸಲು ಟೆಂಡರ್ ಬರೆದೆ. ದೊಡ್ಡ ಕಂಪನಿಯೊಂದರ ಹೆಸರು ಹಾಕಿ, ಪಕ್ಕದಲ್ಲಿ ‘ಅಥವಾ ತತ್ಸಮಾನ’ ಎಂದು ಸೇರಿಸಿದೆ. ನೌಕರಿ ಜಾಹೀರಾತಿನಲ್ಲಿ ‘ಎಸ್ಸೆಸ್ಸೆಲ್ಸಿ ಅಥವಾ ತತ್ಸಮಾನ’ ಎಂದು ಓದುತ್ತಾ ಬೆಳೆದವನು ನಾನು; ಆ ಎರಡು ಪದ ಬಿದ್ದರೆ ಯಾವ ಕಾಗದಕ್ಕೂ ಗಾಂಭೀರ್ಯ ಬರುತ್ತದೆಂದು ನಂಬಿದ್ದೆ.

ಸಭೆಯಲ್ಲಿ ಅದನ್ನು ಓದಿದಾಗ ಹಿಂದಿನ ಸಾಲಿನಿಂದ ರಾಯರು ಎದ್ದರು.

“ಯಾವುದರಲ್ಲಿ ಸಮಾನ, ಸೆಕ್ರೆಟರಿಗಳೇ?”

“ಗುಣದಲ್ಲಿ, ರಾಯರೇ.”

“ಯಾವ ಗುಣ?”

“ಎಲ್ಲಾ ಗುಣ.”

“ಜಾತಕಕ್ಕಾದರೂ 36 ಗುಣ ಅಂತ ಲೆಕ್ಕ ಇದೆ. 18 ಕೂಡದೆ ಇದ್ದರೆ ಜೋಯಿಸರು ಪಂಚಾಂಗ ಮುಚ್ಚುತ್ತಾರೆ. ನಿಮ್ಮ ಬಣ್ಣಕ್ಕೆ ಎಷ್ಟು ಕೂಡಬೇಕು?”

ಸಭೆ ನಕ್ಕಿತು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಕಂಟ್ರಾಕ್ಟರುಗಳ ಕೊಟೇಶನ್ ಬಂದ ಮೇಲೆ ನಿಜವಾದ ಪಾಡು ಶುರು. ಒಬ್ಬನ ಬಣ್ಣ ಲೀಟರಿಗೆ 300 ರೂಪಾಯಿ, ಇನ್ನೊಬ್ಬನದು 400. ಖಜಾಂಚಿ ಕಣ್ಣು ಮುಚ್ಚಿ ಮುನ್ನೂರಕ್ಕೆ ಟಿಕ್ ಹಾಕಲಿದ್ದರು. ರಾಯರು ಕಂಪನಿಗಳ ತಾಂತ್ರಿಕ ಹಾಳೆ ತರಿಸಿ, ಹಾಲಿನ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಬರೆದರು. “ಡಬ್ಬಿಯಲ್ಲಿ ಎಷ್ಟಿದೆ ಅಂತಲ್ಲ, ಆರಿದ ಮೇಲೆ ಗೋಡೆ ಮೇಲೆ ಎಷ್ಟು ಉಳಿಯುತ್ತೆ ಅಂತ ಕೇಳಿ.” ಅಗ್ಗದ್ದರಲ್ಲಿ ಆರಿ ಉಳಿಯುವ ಘನಾಂಶ ಗಾತ್ರದಲ್ಲಿ ಶೇ. 30, ದುಬಾರಿಯದರಲ್ಲಿ 45. ಗೋಡೆಯ ಮೇಲೆ 100 ಮೈಕ್ರಾನ್ ದಪ್ಪ ನಿಲ್ಲಬೇಕಾದರೆ ಮೊದಲನೆಯದು ಲೀಟರಿಗೆ 3 ಚದರ ಮೀಟರ್, ಎರಡನೆಯದು ನಾಲ್ಕೂವರೆ. ಅಂದರೆ ಚದರ ಮೀಟರಿಗೆ ಅಗ್ಗದ್ದು 100 ರೂಪಾಯಿ, ದುಬಾರಿಯದು 89. ಖಜಾಂಚಿ ಆ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಾಲಿನ ಬಾಕಿ ಮಾತ್ರ ಕಂಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ರಾಯರಿಗೆ ಶಾಲು ಹೊದಿಸಿಬಿಡುತ್ತಿದ್ದೆ. ನಿಲ್ಲಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಫೋನು: “ಒಬ್ಬ ಒಂದು ಕೋಟಿನ ಲೆಕ್ಕ ಕೊಟ್ಟಿದ್ದಾನೆ, ಇನ್ನೊಬ್ಬ ಎರಡು ಕೋಟಿನದು. ಗಮನಿಸಿದ್ರಾ?” ರಾತ್ರಿ ಊಟದ ತಟ್ಟೆಯ ಮುಂದೆ ಫೋನು: “ಅದು ಪೂರ್ತಿ ಅಕ್ರಿಲಿಕ್ ಅಲ್ಲ, ಸ್ಟೈರೀನ್ ಬೆರೆತಿದೆ. ಪಡುವಣ ಬಿಸಿಲಿಗೆ ಬೇಗ ಸೋಲುತ್ತೆ.” ಪ್ರೈಮರ್ ಒಂದು ಕಂಪನಿಯದು, ಮೇಲಿನ ಬಣ್ಣ ಇನ್ನೊಂದರದು ಆದೀತೆಂದು ಕಂಟ್ರಾಕ್ಟರ್ ಹೇಳಿದಾಗಲಂತೂ ರಾಯರ ಕಿವಿ ಕೆಂಪಾಯಿತು. “ಬಣ್ಣ ಸಿಪ್ಪೆ ಎದ್ದ ದಿನ ನೋಡಿ, ಬೀಗರ ಜಗಳ! ಹುಡುಗಿ ಕಡೆಯವರು ಹುಡುಗನ ಮೇಲೆ, ಹುಡುಗನ ಕಡೆಯವರು ಹುಡುಗಿ ಮೇಲೆ. ಹೋಲಿಸೋದಾದರೆ ಪ್ರೈಮರಿನಿಂದ ಕೊನೇ ಕೋಟಿನ ತನಕ ಇಡೀ ಮನೆತನ ಹೋಲಿಸಿ.” ಬಿರುಕು ಮುಚ್ಚಿದ ಹೊಸ ಗಾರೆಗೆ 28 ದಿನ ಬಣ್ಣ ಸೋಕಕೂಡದೆಂದರು. ಹಸಿ ಗಾರೆ ಬಾಣಂತಿಯಂತೆ, ಮುಟ್ಟಬಾರದಂತೆ. ನಿವಾಸಿಗಳು ಬೈದದ್ದು ನನ್ನನ್ನು.

ಕೊನೆಗೆ ಮೂರು ಕಂಪನಿಗಳ ಬಣ್ಣವನ್ನು ತಾರಸಿಯ ನೀರಿನ ಟ್ಯಾಂಕಿನ ಪಡುವಣ ಗೋಡೆಗೆ ಮೂರು ಮೂರಡಿ ಚೌಕದಲ್ಲಿ ಬಳಿಸಿದರು. ಒಂದು ಮಳೆಗಾಲ ಪೂರ್ತಿ ಪರೀಕ್ಷೆ. ವಾರಕ್ಕೊಮ್ಮೆ ಮನೆಯಾಕೆಯ ಹಳೇ ಕರೀ ರವಿಕೆ ಕಣ ಹಿಡಿದು ಹೋಗಿ ಒಂದೊಂದನ್ನೂ ಉಜ್ಜಿ, ಬಟ್ಟೆಗೆ ಸುಣ್ಣದಂಥ ಪುಡಿ ಎಷ್ಟು ಅಂಟಿತೆಂದು ನೋಡುವುದು. ಬಾಗಲಕೋಟೆ ಕಡೆಯ ನಮ್ಮ ವಾಚ್‌ಮನ್ ಒಮ್ಮೆ ಇದನ್ನು ಕಂಡು ಗಾಬರಿಯಾಗಿ ನನ್ನನ್ನು ಕೇಳಿದ: “ಯಾಕ್ರೀ ಸರ, ಗ್ವಾಡಿಗೆ ಜ್ವರ ಬಂದೈತೇನ್ರಿ?”

ಇನ್ನೊಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಟೆಂಡರಿನಲ್ಲಿ ಆ ದೊಡ್ಡ ಕಂಪನಿಯ ಹೆಸರು ಹಾಕಿದ್ದಕ್ಕೆ ಒಂದೇ ಕಾರಣ, ಅವರ ಶೇಡ್ ಕಾರ್ಡು ದಪ್ಪಗಿತ್ತು. ಅದರಲ್ಲಿದ್ದ ಒಂದು ಗಾಢ ನೇರಳೆಗೆ ಮನಸೋತಿದ್ದೆ. ಅದು ಎರಡು ಬೇಸಗೆಗೆ ಮುಖ ಬಾಡಿಸಿಕೊಳ್ಳುತ್ತದೆಂದು ರಾಯರು ತಿಳಿಸಿ, ಕಾವಿಬಣ್ಣದತ್ತ ಬೆರಳಿಟ್ಟರು. “ದೇವಸ್ಥಾನದ ಗೋಡೆಯ ಕೆಮ್ಮಣ್ಣಿನ ಪಟ್ಟೆ ಕಬ್ಬಿಣದ ಆಕ್ಸೈಡು. ಅದು ಬಿಸಿಲಿಗೆ ಹೆದರೋದಲ್ಲ. ನಮ್ಮಮ್ಮ ಪ್ರತಿ ಯುಗಾದಿಗೆ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ ಬಳೀತಿದ್ದಳು, ಕೆಳಗೆ ಕೆಮ್ಮಣ್ಣು. ವಾರಂಟಿ ಒಂದೇ ವರ್ಷ.” ಅಷ್ಟು ಹೇಳಿ, ಕೈಯಲ್ಲಿದ್ದ ಕಣವನ್ನು ಮಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

ದೀಪಾವಳಿ ಕಳೆದ ಮೇಲೆ ಬಣ್ಣ ಹೊಡೆಸಿದೆವು. ಕಂಪನಿಯವರು 10 ವರ್ಷದ ವಾರಂಟಿ ಪತ್ರ ಕೊಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ರಾಯರು ಕನ್ನಡಕ ಏರಿಸಿ ಹಿಂಬದಿ ಓದಿದರು: ಕೊಡುವುದು ಬಣ್ಣ ಮಾತ್ರ, ಕೂಲಿಯೂ ಜೂಲಾದ ಬಾಡಿಗೆಯೂ ನಮ್ಮದೇ. ಆಮೇಲೆ ಬೆರಳು ಮಡಿಸಿ ಎಣಿಸಿದರು. “ಇದು ಮುಗಿಯೋ ಹೊತ್ತಿಗೆ ನನಗೆ 84. ಕ್ಲೇಮು ನೀವೇ ಹಾಕಬೇಕು, ಸೆಕ್ರೆಟರಿಗಳೇ. ಫೈಲು ಎಲ್ಲಿದೆ ಅಂತ ತೋರಿಸಿರ್ತೀನಿ.”

ಟ್ಯಾಂಕಿನ ಮೇಲಿನ ಮೂರು ಚೌಕ ಇಂದಿಗೂ ಇವೆ, ಮುಚ್ಚಲು ಬಿಟ್ಟಿಲ್ಲ. ಈಗ ಅವರ ಮಂಡಿ ತಾರಸಿಯ ಕಬ್ಬಿಣದ ಏಣಿಗೆ ಒಪ್ಪುವುದಿಲ್ಲ. ಮೊನ್ನೆ ಮಳೆ ಬಿಟ್ಟ ಮೇಲೆ ಲಿಫ್ಟಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕರೀ ಕಣ ನನ್ನ ಕೈಗಿತ್ತರು. ಸೆಕ್ರೆಟರಿಗಿರಿ ಬಿಟ್ಟು ಮೂರು ವರ್ಷವಾಗಿದ್ದರೂ ಹತ್ತಿದೆ, ಉಜ್ಜಿದೆ, ಇಳಿದೆ. ಬಟ್ಟೆಯ ಮೂರು ಗುರುತನ್ನು ಬೆಳಕಿಗೆ ಹಿಡಿದು ನೋಡಿದರು.

“ಮೂರನೇದು ಜಾಸ್ತಿ ಪುಡಿ ಬಿಟ್ಟಿದೆ.”

“ಹೌದು ರಾಯರೇ.”

“ಮೂರನ್ನೂ ಒಂದೇ ಸಮ ಒತ್ತಿ ಉಜ್ಜಿದ್ರಾ?”

ನಾನು ಮಾತಾಡಲಿಲ್ಲ. ಅವರು ಬಟ್ಟೆ ಕೊಡವಿ, ಒಳಮೈ ಮೇಲೆ ಮಾಡಿ ಮಡಿಸಿ, ಮತ್ತೆ ನನ್ನ ಕೈಗಿಟ್ಟರು.